ಹವ್ಯಾಸ: ಹೆಂಡತಿಯ ಜೊತೆ ದಾನ್ಸೋನ್

ನನ್ನ ಅಂಗಡಿಯಲ್ಲಿ ಪೆನ್ಸಿಲ್ಲು, ರಬ್ಬರಿಗಿಂತ ಹೆಚ್ಚು ಖರ್ಚಾಗುವುದು ಕೆಲಸದ ಅರ್ಜಿ. ಹಳದಿ ಕಾಗದ, ಎರಡೂ ಬದಿಗೆ ಅಚ್ಚು, ಮೂಲೆಯಲ್ಲಿ ಫೋಟೊ ಅಂಟಿಸಲು ಒಂದು ಚೌಕ. ನಮ್ಮ ವೆರಾಕ್ರೂಸ್ ಬಂದರಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೂ ಇದೇ ಅರ್ಜಿ, ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೂ ಇದೇ ಅರ್ಜಿ. ಅಪ್ಪ ಅಮ್ಮ ಇದ್ದಾರೆಯೇ, ಮನೆ ಬಾಡಿಗೆಯದೇ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಪೊಲೀಸರ ಹಾಗೆ ವಿಚಾರಿಸುತ್ತ ಹೋಗಿ, ನಡುವೆ ಎಲ್ಲೋ ಇದ್ದಕ್ಕಿದ್ದಂತೆ ನೆಂಟರ ದನಿ ತೆಗೆಯುತ್ತದೆ. ನಿಮ್ಮ ನೆಚ್ಚಿನ ಹವ್ಯಾಸ ಯಾವುದು? ಬದುಕಿನಲ್ಲಿ ನಿಮ್ಮ ಗುರಿ ಏನು? ಒಂದೊಂದಕ್ಕೂ ಬೆರಳುದ್ದ ಜಾಗ.

ಅಲ್ಲಿಯವರೆಗೆ ಎಲ್ಲರೂ ಸರಸರ ಬರೆಯುತ್ತಾರೆ. ಅಲ್ಲಿಗೆ ಬಂದ ಕೂಡಲೇ ಪೆನ್ನು ಕಚ್ಚಿಕೊಂಡು ನನ್ನ ಮುಖ ನೋಡುತ್ತಾರೆ, ತಮ್ಮ ಹವ್ಯಾಸ ಏನೆಂದು ನನಗೆ ಗೊತ್ತಿರಬೇಕು ಎನ್ನುವ ಹಾಗೆ. ಓದುವುದು, ಸಂಗೀತ ಕೇಳುವುದು ಎಂದು ಬರೆಯಿರಿ ಎನ್ನುತ್ತೇನೆ. ಬರೆಯುತ್ತಾರೆ. ನನ್ನ ಅಂಗಡಿಯಿಂದ ಹೋದ ಅರ್ಜಿಗಳನ್ನು ನಂಬುವುದಾದರೆ ಈ ಊರಿನಲ್ಲಿ ಕೈಯಿಂದ ಪುಸ್ತಕ ಕೆಳಗಿಡುವವರೇ ಇಲ್ಲ. ಒಮ್ಮೆ ಮೀನು ಮಾರುಕಟ್ಟೆಯ ಒಬ್ಬ ಮಹಾಶಯ 'ಮಲಗುವುದು' ಎಂದು ಬರೆದಿದ್ದ. ಅವನಿಗೆ ಕೆಲಸ ಸಿಗಲಿಲ್ಲ, ಹವ್ಯಾಸಕ್ಕೂ ಅಡ್ಡಿಯಾಗಲಿಲ್ಲ. ಸುಳ್ಳೆಂದು ಬರೆಯುವವನಿಗೂ ಗೊತ್ತು, ಓದುವವನಿಗೂ ಗೊತ್ತು. ಆ ಜಾಗ ಇರುವುದೇ ಅದಕ್ಕೆ.

ನಾನು ಕಂಡಂತೆ ಅಲ್ಲಿ ಮನಸ್ಸಿಟ್ಟು ನಿಜ ಬರೆದವನು ಒಬ್ಬನೇ, ಕ್ರಿಸೋಫೊರೊ ಉಸ್ಕಾಂಗ. ನನ್ನ ಮಗಳ ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವರು ಅವನು ಮತ್ತು ಅವನ ಹೆಂಡತಿ ಇಸೌರಾ. ಅಂದಿನಿಂದ ಮಗುವಿನ ತಾಯಿಯಾದ ನಾನು ಅವರಿಗೆ ಕೊಮಾದ್ರೆ, ನನಗೆ ಅವನು ಕೊಂಪಾದ್ರೆ. ನಮ್ಮಲ್ಲಿ ಈ ನಂಟು ಒಡಹುಟ್ಟಿದವರ ನಂಟಿಗಿಂತ ಗಟ್ಟಿ. ಜಗಳವಾಡುವ ಹಕ್ಕೂ ಅದರ ಜೊತೆಗೇ ಬರುತ್ತದೆ.

ಅವನು ಕಾಫಿ ಗೋದಾಮಿನಲ್ಲಿ ಚೀಲಗಳ ಮೇಸ್ತ್ರಿಯಾಗಿದ್ದ. ಗೋದಾಮು ಮುಚ್ಚಿತು. ನಲವತ್ತು ದಾಟಿದವರನ್ನು ಬಾಗಿಲಲ್ಲೇ ವಾಪಸ್ಸು ಕಳಿಸುವ ಕಾಲದಲ್ಲಿ ಅವನಿಗೆ ಐವತ್ತೆಂಟು. ಮನೆಯಲ್ಲಿ ಇಸೌರಾಳ ಮಾತ್ರೆಗಳು ನಿಲ್ಲುವ ಹಾಗಿರಲಿಲ್ಲ. ಅವಳಿಗೆ ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ತೀರಿಹೋದ ಅಣ್ಣಂದಿರಿಗೆ ಊಟಕ್ಕೆ ತಟ್ಟೆ ಇಡುತ್ತಿದ್ದಳು, ಎದುರಿಗೆ ಕೂತ ಗಂಡನಿಗೆ ಇಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನನ್ನು ಗ್ಯಾಸ್ ಸಿಲಿಂಡರ್ ತಂದವನೆಂದು ತಿಳಿದು, ಡಬ್ಬಿಯಿಂದ ಚಿಲ್ಲರೆ ತೆಗೆದು ಕೈಗೆ ಹಾಕಿ, ಬಿಸಿಲು ಜೋರಿದೆ, ಹುಷಾರಾಗಿ ಹೋಗಿ ಎಂದಳಂತೆ. ಅವನು ತಗೊಂಡು, ದೇವರು ಒಳ್ಳೇದು ಮಾಡಲಿ ಸೆನ್ಯೋರಾ ಎಂದು ಹೊರಗೆ ಹೋಗಿ, ಬೀದಿ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಬಂದನಂತೆ. ಇದನ್ನು ಅವನು ನಗುತ್ತಲೇ ಹೇಳಿದ.

ಆದರೆ ವಾರಕ್ಕೆ ಮೂರು ಸಂಜೆ ಅವನಿಗೆ ಹೆಂಡತಿ ಸಿಗುತ್ತಿದ್ದಳು. ಮಂಗಳವಾರ, ಗುರುವಾರ, ಶನಿವಾರ ಚೌಕದಲ್ಲಿ ವಾದ್ಯದವರು ಕೂರುತ್ತಾರೆ, ಊರಿನ ಹಳೇ ಜೋಡಿಗಳೆಲ್ಲ ದಾನ್ಸೋನ್ ಕುಣಿಯಲು ಬರುತ್ತವೆ. ಗಂಡಸರು ಬಿಳಿ ಅಂಗಿ, ಬಿಳಿ ಶೂ. ಹೆಂಗಸರ ಕೈಯಲ್ಲಿ ಬೀಸಣಿಗೆ. ಇದು ಎಗರಾಡುವ ಕುಣಿತವಲ್ಲ. ಒಂದು ನೆಲಹಾಸಿನ ಕಲ್ಲು ಬಿಟ್ಟು ಆಚೆ ಹೋಗದೆ ಕುಣಿಯುವವನೇ ಜಾಣ. ಅಲ್ಲಿ ಕ್ರಿಸೋಫೊರೊನ ಅಂಗೈ ಬೆನ್ನಿಗೆ ತಾಗಿ ನಾಲ್ಕು ಹೆಜ್ಜೆ ಆಗಿರುತ್ತಿತ್ತೋ ಇಲ್ಲವೋ, ಇಸೌರಾ ಅವನ ಮುದ್ದಿನ ಹೆಸರು ಹಿಡಿದು ಗೊಣಗಲು ಶುರುಮಾಡುತ್ತಿದ್ದಳು. "ಚೋಫೊ, ಈ ಅಂಗಿಗೆ ಯಾರೋ ಇಸ್ತ್ರಿ ಹಾಕಿದ್ದು? ಕಾಲರ್ ನೋಡು, ನಾಯಿ ಎಳೆದ ಹಾಗಿದೆ." ಇಸ್ತ್ರಿ ಹಾಕಿದವನು ಅವನೇ. ಆ ಬೈಗುಳ ಕೇಳಿ ಅವನ ಮುಖ ಹಿಗ್ಗುತ್ತಿದ್ದುದನ್ನು ಊರೇ ನೋಡಿದೆ. ವಾದ್ಯ ನಿಂತು, ಮನೆಗೆ ನಡೆದು, ಬೀಗ ತೆಗೆಯುವವರೆಗೂ ಅವಳು ಚೋಫೊ ಚೋಫೊ ಎನ್ನುತ್ತಲೇ ಇರುತ್ತಿದ್ದಳು. ಬೆಳಗಾದರೆ ಮತ್ತೆ ಯಾರೋ ಏನೋ.

ದಾನ್ಸೋನಿನಲ್ಲಿ ಒಂದು ಬಿಡುವು ಬರುತ್ತದೆ, ಅದನ್ನು ಹೇಳಲೇಬೇಕು. ವಾದ್ಯ ನಿಲ್ಲುವುದಿಲ್ಲ, ಕುಣಿಯುವವರು ನಿಲ್ಲುತ್ತಾರೆ. ಜೋಡಿಗಳು ಕೈಬಿಟ್ಟು ವಾದ್ಯದವರ ಕಡೆ ತಿರುಗಿ, ಹೆಂಗಸರು ಬೀಸಣಿಗೆ ಬೀಸಿಕೊಂಡು, ಗಂಡಸರು ಕತ್ತು ಒರೆಸಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಾರೆ. ವಾದ್ಯದ ಆ ಸಾಲು ಮುಗಿದ ಕೂಡಲೇ ಯಾರೂ ಸನ್ನೆ ಮಾಡದೆ ಎಲ್ಲರೂ ಒಂದೇ ತಾಳಕ್ಕೆ ಮತ್ತೆ ಹೆಜ್ಜೆ ಎತ್ತಬೇಕು. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಎಲ್ಲರೂ ನಿಂತಾಗ ಇವರ ಕಾಲು ಓಡುತ್ತಿರುತ್ತದೆ, ಎಲ್ಲರೂ ಹೊರಟಾಗ ಇವರು ನಿಂತಿರುತ್ತಾರೆ. ಇಸೌರಾಗೆ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ. ನಿಲ್ಲಲು ಬಾರದವನಿಗೆ ಕುಣಿತ ಯಾಕೆ ಎಂದು ಬೀಸಣಿಗೆಯ ಮರೆಯಲ್ಲಿ ಅಣಕಿಸುತ್ತಿದ್ದಳು. ಮರೆವು ಬಂದಮೇಲೂ ಅದನ್ನು ಮರೆಯಲಿಲ್ಲ. ಕ್ರಿಸೋಫೊರೊ ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ.

ಅರ್ಜಿ ತುಂಬಿಸಲು ಅವನು ಬಂದಾಗ ಇಸೌರಾಳೂ ಜೊತೆಗಿದ್ದಳು. ಕುರ್ಚಿಯಲ್ಲಿ ಕೂತು ನನ್ನ ರಬ್ಬರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಅವನು ಹವ್ಯಾಸದ ಜಾಗಕ್ಕೆ ಬಂದ.

"ಕೊಂಪಾದ್ರೆ, ಓದೋದು, ಸಂಗೀತ ಕೇಳೋದು ಅಂತ ಗೀಚಿ ಮುಗಿಸಿ," ಎಂದೆ.

"ನಾನೆಲ್ಲಿ ಓದ್ತೀನಿ ಕೊಮಾದ್ರೆ? ಲೈಟ್ ಬಿಲ್ ಬಂದ್ರೂ ನಿಮ್ಮ ಹತ್ರಾನೇ ಓದಿಸ್ಕೊಳ್ಳೋದು."

"ಎಲ್ರೂ ಬರೆಯೋದು ಅದನ್ನೇ."

"ಎಲ್ಲರ ಹೆಂಡ್ತೀರೂ ಇವಳ ಹಾಗೆ ಕುಣೀತಾರಾ?"

ನಾಲಿಗೆ ಹೊರಗೆ ಹಾಕಿಕೊಂಡು, ಮಕ್ಕಳ ಹಾಗೆ ದುಂಡಗೆ ಬರೆದ: ಹೆಂಡತಿಯ ಜೊತೆ ದಾನ್ಸೋನ್. ಬದುಕಿನ ಗುರಿ ಎಂಬಲ್ಲಿ, ಈಗ ಇರುವ ಹಾಗೇ ಇರುವುದು. ಯಾವ ಪಾಳಿ ಎಂಬಲ್ಲಿ, ಹಗಲು ಮಾತ್ರ. ಇದ್ದ ಹಾಗೇ ಇರುವುದೇ ಗುರಿ ಎನ್ನುವ ಮುದುಕನನ್ನು ಯಾವ ಧಣಿ ಕರೆದು ಕೂರಿಸಿಕೊಳ್ಳುತ್ತಾನೆ ಎಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಫೋಟೊಗೆ ಗೋಂದು ಹಚ್ಚುತ್ತ ಹಲ್ಲು ಬಿಟ್ಟ. ಜಪ್ಪಯ್ಯ ಅಂದರೂ ಒಂದಕ್ಷರ ತಿದ್ದಲಿಲ್ಲ.

ಅದೇ ಮಾತನ್ನು ಅವನು ಎಷ್ಟೋ ಅರ್ಜಿಗಳಲ್ಲಿ ಬರೆದ, ಎಲ್ಲಿಂದಲೂ ಕರೆ ಬರಲಿಲ್ಲ. ಕೊನೆಗೆ ಕರೆದದ್ದು ಕಡಲದಂಡೆಯ ಹೊಸ ಹೋಟೆಲಿನವರು. ಬಾಗಿಲು ಕಾಯುವ ಕೆಲಸ. ರಾಜಧಾನಿಯಿಂದ ಬಂದ ಮ್ಯಾನೇಜರ್ ಹುಡುಗಿ ಹಾಳೆಯ ಮೇಲೆ ಬೆರಳಾಡಿಸುತ್ತ ಬಂದು, ಗೋದಾಮನ್ನು ದಾಟಿ, ವಯಸ್ಸನ್ನು ನೋಡಿ ಮೂಗು ಮುರಿದು, ಹವ್ಯಾಸದ ಮೇಲೆ ಬೆರಳು ನಿಲ್ಲಿಸಿದಳಂತೆ. ನಿಜವಾಗಿ ಬರುತ್ತಾ, ಎದ್ದು ತೋರಿಸಿ ಎಂದಳಂತೆ. ಅವನು ಆ ಕಚೇರಿಯಲ್ಲಿ ಖಾಲಿ ತೋಳು ಚಾಚಿಕೊಂಡು, ಮೇಜಿಗೂ ಕಪಾಟಿಗೂ ನಡುವೆ, ಒಂದು ಕಲ್ಲಿನ ಅಗಲದಲ್ಲಿ ಕುಣಿದು ತೋರಿಸಿದ. ಅವಳು ಚಪ್ಪಾಳೆ ಹೊಡೆದಳು.

ಕೆಲಸ ಸಿಕ್ಕಿತು. ಹಗಲು ಬಾಗಿಲಲ್ಲಿ ಅಲ್ಲ, ಸಂಜೆ ಹಜಾರದಲ್ಲಿ. ಹೊರಗಿನಿಂದ ಬರುವ ಪ್ರವಾಸಿಗಳಿಗೆ ಚೌಕದವರೆಗೆ ಹೋಗುವ ತಾಪತ್ರಯ ಯಾಕೆ, ನಮ್ಮಲ್ಲೇ ದಾನ್ಸೋನ್ ಇಡೋಣ, ನಿಮ್ಮಂಥ ಅಸಲಿ ಮನುಷ್ಯ ಹೆಂಗಸರ ಕೈಹಿಡಿದು ಕುಣಿಸಲಿ ಎಂದಳು ಹುಡುಗಿ. ಮಂಗಳವಾರ, ಗುರುವಾರ, ಶನಿವಾರವಾದರೂ ಬಿಡಿ ಎಂದು ಇವನು ಕೇಳಿದ. ಊರಿನಲ್ಲಿ ದಾನ್ಸೋನ್ ಇರುವ ದಿನವೇ ಜನ ಕೇಳಿಕೊಂಡು ಬರುತ್ತಾರೆ, ಆ ದಿನಗಳೇ ಮುಖ್ಯ ಎಂದಳು. ಅವಳದ್ದು ತಪ್ಪೆನ್ನಲಾರೆ. ಅರ್ಜಿಯಲ್ಲಿ ಇದ್ದದ್ದನ್ನೇ ಅವಳು ಓದಿದ್ದು. 'ಹೆಂಡತಿಯ ಜೊತೆ' ಎಂಬುದನ್ನು ಮಾತ್ರ ಓದಲಿಲ್ಲ.

ಅವನು ಅಂಗಡಿಗೆ ಬಂದು ಇದನ್ನೆಲ್ಲ ಹೇಳಿದ. ಬೇಡ ಎನ್ನಲು ಅವನ ಹತ್ತಿರ ಬೇರೆ ಏನಿತ್ತು? ಮಾತ್ರೆ ಬೇಕು, ಬಾಡಿಗೆ ಕಟ್ಟಬೇಕು. ಸಂಜೆ ಇಸೌರಾಳನ್ನು ನನ್ನ ಹತ್ತಿರ ಬಿಡಿ ಎಂದೆ. ನನಗೇನು ಭಾರವೇ, ನನಗೂ ಒಬ್ಬಳು ಜೊತೆ ಸಿಕ್ಕಂತಾಯಿತು.

ಭಾರವೇ ಆಗಿತ್ತು, ಯಾಕೆ ಸುಳ್ಳು ಹೇಳಲಿ. ಅವಳು ತೊಂದರೆ ಕೊಡುತ್ತಿದ್ದಳೆಂದಲ್ಲ. ಅಂಗಡಿಯಿಂದ ಚೌಕ ಎರಡೇ ಬೀದಿ ದೂರ. ಆ ಮೂರು ದಿನ ಅವಳು ಹೇಗೆ ತಿಳಿದುಕೊಳ್ಳುತ್ತಿದ್ದಳೋ, ಮಧ್ಯಾಹ್ನವೇ ಬಿಳಿ ಲಂಗ ತೊಟ್ಟು, ಶೂ ಹಾಕಿಕೊಂಡು, ಬೀಸಣಿಗೆ ಹಿಡಿದು ಬಂದು ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದಳು. ವಾದ್ಯ ಶುರುವಾದಾಗ ಬಾಗಿಲ ಕಡೆ ನೋಡುತ್ತಿದ್ದಳು. ಚೋಫೊ ಎಲ್ಲಿ ಎನ್ನುತ್ತಿದ್ದಳು. ನಾನು, ಅವನಿಗೆ ಈಗ ಸಂಜೆ ಕೆಲಸ, ಬಂದೇ ಬರ್ತಾನೆ ಎನ್ನುತ್ತಿದ್ದೆ. ಕೆಲಸ ಸಿಕ್ತಾ, ಒಳ್ಳೇದಾಯ್ತು ಬಿಡು ಎಂದು ಪ್ರತಿ ಸಲವೂ ಹೊಸದಾಗಿ ಸಂತೋಷಪಡುತ್ತಿದ್ದಳು. ಇನ್ನೊಂದು ಹಾಡಿಗೆ ಮತ್ತೆ ಅದೇ ಪ್ರಶ್ನೆ, ನನ್ನದು ಮತ್ತೆ ಅದೇ ಉತ್ತರ. ಬಿಡುವಿನ ಸಾಲು ಬಂದಾಗ ಕುರ್ಚಿಯಲ್ಲೇ ಬೀಸಣಿಗೆ ಬಿಚ್ಚುತ್ತಿದ್ದಳು, ಮುಗಿದಾಗ ಅವಳ ಬಲಗಾಲು ನೆಲದ ಮೇಲೆ ಸರಿಯಾಗಿ ಬೀಳುತ್ತಿತ್ತು. ನಾನು ಪೆನ್ನಿನ ಡಬ್ಬಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಬಿಡುತ್ತಿದ್ದೆ.

ಒಂದು ಶನಿವಾರ ಮನಸ್ಸು ತಡೆಯದೆ ಚೌಕಕ್ಕೆ ಕರೆದುಕೊಂಡು ಹೋದೆ. ಹಳೇ ಕುಣಿತಗಾರ ದೊನ್ ನಾಬೋರ್ ಬಾಗಿ ಕೈ ಚಾಚಿದ. ಇಸೌರಾ ಬೀಸಣಿಗೆ ಮಡಚಿ, ಬೇಸರ ಮಾಡ್ಕೋಬೇಡಿ, ನಮ್ಮೆಜಮಾನ್ರು ಬರ್ತಾರೆ ಎಂದಳು. ಆಮೇಲೆ ನಾನು ಕರೆದುಕೊಂಡು ಹೋಗಲಿಲ್ಲ.

ಕ್ರಿಸೋಫೊರೊ ಹೋಟೆಲಿನ ಸುದ್ದಿಯನ್ನು ತಮಾಷೆ ಮಾಡಿಯೇ ಹೇಳುತ್ತಿದ್ದ. ಒಬ್ಬಳು ಅವನ ಶೂ ತುಳಿದು ಕಪ್ಪು ಮಾಡಿದ್ದು, ಇನ್ನೊಬ್ಬಳು ಕುಣಿಯುತ್ತಲೇ ಫೋನಿನಲ್ಲಿ ಮಾತಾಡಿದ್ದು. ಒಂದನ್ನು ಮಾತ್ರ ಅವನು ತಮಾಷೆ ಮಾಡಲಿಲ್ಲ. ಬಿಡುವಿನಲ್ಲಿ ಅವನು ನಿಂತರೆ ಅತಿಥಿಗಳಿಗೆ ಮುಜುಗರವಂತೆ, ಏನು ತಪ್ಪು ಮಾಡಿದೆವೋ ಎಂದುಕೊಳ್ಳುತ್ತಾರಂತೆ. ನಿಲ್ಲಬೇಡಿ, ಕುಣಿಸುತ್ತಲೇ ಇರಿ ಎಂದು ಮ್ಯಾನೇಜರ್ ಹುಡುಗಿ ಹೇಳಿದ್ದಳು.

"ಮತ್ತೆ ಏನ್ ಮಾಡಿದ್ರಿ?" ಎಂದೆ.

"ಏನ್ ಮಾಡ್ಲಿ, ನಿಲ್ಲಲ್ಲ," ಎಂದ. "ಮೊದಮೊದಲು ಕಾಲು ತಾನಾಗೇ ನಿಂತುಬಿಡೋದು. ಈಗ ಕೇಳ್ತದೆ. ಇಸೌರಾಗೆ ಹೇಳ್ಬೇಡಿ ಮತ್ತೆ."

ಇಸೌರಾ ಎದುರಿಗೇ ಕೂತಿದ್ದಳು. ಅವನತ್ತ ನೋಡಿ, ಗಿರಾಕಿಗಳಿಗೆ ಮಾಡುವ ಹಾಗೆ, ಮರ್ಯಾದೆಯಿಂದ ತಲೆ ಬಾಗಿಸಿದಳು.

ಹೀಗೇ ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಉತ್ತರದ ಗಾಳಿ ಶುರುವಾಗಿ ಕಡಲದಂಡೆ ಖಾಲಿಯಾದ ಮೇಲೆ ಹೋಟೆಲಿನವರು ಸಂಜೆಯ ಕುಣಿತ ನಿಲ್ಲಿಸಿದರು. ಕುಣಿತದ ಜೊತೆಗೆ ಅವನನ್ನೂ. ಬೇರೆಯವರಾಗಿದ್ದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಈ ಮನುಷ್ಯ ಮಂಗಳವಾರ ಮಧ್ಯಾಹ್ನ ಸೀಟಿ ಹೊಡೆದುಕೊಂಡು ಇಸೌರಾಳ ಜೊತೆ ನನ್ನ ಅಂಗಡಿಗೆ ಬಂದ. ಮೈಗೆ ಬಿಳಿ ಅಂಗಿ. ಕಾಲರಿಗೆ ಬೇಕೆಂದೇ ಇಸ್ತ್ರಿ ಹಾಕಿರಲಿಲ್ಲ. ನಾಳೆ ಇನ್ನೊಂದು ಹಳದಿ ಅರ್ಜಿ ತಗೊಳ್ತೀನಿ, ಇವತ್ತು ಮಾತ್ರ ಏನೂ ಕೇಳಬೇಡಿ ಎಂದ.

"ಕಾಲರ್ ನೋಡಿ ಕೊಮಾದ್ರೆ," ಎಂದು ಕುತ್ತಿಗೆ ಮುಂದೆ ಮಾಡಿದ. "ಇವತ್ತು ಚೆನ್ನಾಗಿ ಬೈಸ್ಕೊಳ್ತೀನಿ."

ನಾನು ಕೂಡ ನಕ್ಕೆ. ಆ ಹೊತ್ತಿನಲ್ಲಿ ಕೆಲಸ ಹೋದದ್ದು, ಬಾಡಿಗೆ, ಮಾತ್ರೆ ಒಂದೂ ನನಗೆ ನೆನಪಾಗಲಿಲ್ಲ. ಅಂಗಡಿ ಬೇಗ ಮುಚ್ಚಿ ಅವರ ಜೊತೆ ಹೊರಟೆ. ಇಸೌರಾ ನನ್ನ ತೋಳು ಹಿಡಿದಿದ್ದಳು. ಅವನು ಆಚೆ ಪಕ್ಕದಲ್ಲಿ ನಡೆಯುತ್ತಿದ್ದ.

ಚೌಕದಲ್ಲಿ ಗಾಳಿಗೆ ವಾದ್ಯದವರ ಹಾಳೆಗಳು ಹಾರಿಹೋಗದಂತೆ ಬಟ್ಟೆ ಕ್ಲಿಪ್ಪು ಹಾಕಿದ್ದರು. ಅವನನ್ನು ಕಂಡವರೆಲ್ಲ ಕೈಯೆತ್ತಿದರು, ದೊನ್ ನಾಬೋರ್ ಬೆನ್ನು ತಟ್ಟಿದ. ಅವನು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಇಸೌರಾಳ ಎದುರು ಬಾಗಿ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಹೋಗು ಹೋಗು ಎಂದೆ. ಎದ್ದಳು. ಅವನ ಅಂಗೈ ಅವಳ ಬೆನ್ನಿನ ಮೇಲೆ ಕೂತದ್ದನ್ನು ನೋಡಿದಾಗ ನನ್ನ ಎದೆ ಹಗುರಾಯಿತು. ನನ್ನ ಬೆಂಚಿನ ಮುಂದೆಯೇ, ಒಂದು ಕಲ್ಲಿನ ಮೇಲೆ, ಇಬ್ಬರೂ ಮೊದಲಿನ ಹಾಗೇ ಕುಣಿದರು. ಅವಳು ಮಾತಾಡಲಿಲ್ಲ. ಆದರೆ ಕಣ್ಣು ಅವನ ಕಾಲರಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಹುಬ್ಬು ಗಂಟಾಯಿತು. ತುಟಿ ಅಲುಗಿತು. ಅವನು ಅದಕ್ಕಾಗಿ ಕಿವಿ ಬಗ್ಗಿಸಿದ.

ಅಷ್ಟರಲ್ಲಿ ಬಿಡುವು ಬಂತು. ಇಡೀ ಚೌಕ ನಿಂತಿತು. ಇಸೌರಾ ನಿಂತಳು. ಅವನ ಕಾಲು ಮುಂದೆ ಹೋಯಿತು.

ಒಂದೇ ಹೆಜ್ಜೆ. ಕೂಡಲೇ ಹಿಂದಕ್ಕೆ ತಗೊಂಡ. ಆದರೆ ಅವಳು ನೋಡಿಯಾಗಿತ್ತು. ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಏನೋ ಒಂದು ಗೊಂದಲ ಪರಿಹಾರವಾದವರ ಹಾಗೆ. ಅವನ ಭುಜದಿಂದ ಕೈ ತೆಗೆದು ಬೀಸಣಿಗೆ ಬಿಚ್ಚಿದಳು. ಅಣಕಿಸಲಿಲ್ಲ. ಅಣಕಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಲ್ಲಿ ನಿಲ್ಬೇಕು ಸೆನ್ಯೋರ್," ಎಂದಳು. "ಪರವಾಗಿಲ್ಲ, ಹೊಸಬರಿಗೆ ಗೊತ್ತಾಗಲ್ಲ."

ಕ್ರಿಸೋಫೊರೊ ಎರಡೂ ಕಾಲು ಜೋಡಿಸಿಕೊಂಡ.

"ನಮ್ಮೆಜಮಾನ್ರು ಇದ್ದಿದ್ರೆ ಹೇಳಿಕೊಡ್ತಿದ್ರು," ಎಂದಳು ಇಸೌರಾ, ವಾದ್ಯದವರ ಕಡೆ ನೋಡುತ್ತ. "ಅವ್ರು ಯಾವತ್ತೂ ತಪ್ಪಲ್ಲ. ಈಗ ಅವ್ರಿಗೆ ಸಂಜೆ ಕೆಲಸ. ಬಂದೇ ಬರ್ತಾರೆ, ಕೊಮಾದ್ರೆ ಹೇಳಿದ್ದಾಳೆ."

ಅವನು ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಹೇಗೆ ಹೊರಲಿ? ಹೋಗಿ, ಇವನೇ ಕಣೇ ಚೋಫೊ, ಇವನೇ ಎಂದು ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು. ಮನೆಯಲ್ಲಿ ಅವನು ಅದನ್ನು ಎಷ್ಟು ಸಲ ಹೇಳಿ ನೋಡಿದ್ದನೋ. ಹೇಳಿ ತಿಳಿಸುವುದಲ್ಲ ಅದು. ನಾನು ಬೆಂಚು ಬಿಟ್ಟು ಏಳಲಿಲ್ಲ.

ಅವನು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ, ಆಮೇಲೆ ಮುಖ. ವಾದ್ಯದ ಕಡೆ ತಿರುಗಿ ಅವಳ ಪಕ್ಕದಲ್ಲಿ ನೆಟ್ಟಗೆ ನಿಂತ.

"ಅವ್ರು ಬರೋವರೆಗೂ ನಾನು ಜೊತೆಗಿರ್ಲಾ ಸೆನ್ಯೋರಾ?" ಎಂದು ಕೇಳಿದ.

ಇಸೌರಾ ಯೋಚಿಸಿದಳು. "ಬರೋವರೆಗೆ ಮಾತ್ರ," ಎಂದು ಬೀಸಣಿಗೆ ಮಡಚಿದಳು.

ಬಿಡುವು ಮುಗಿಯಿತು. ಎಲ್ಲ ಜೋಡಿಗಳೂ ಒಟ್ಟಿಗೆ ಹೆಜ್ಜೆ ಎತ್ತಿದವು. ಇಸೌರಾ ಸರಿಯಾದ ತಾಳಕ್ಕೆ ಹೊರಟಳು. ಕ್ರಿಸೋಫೊರೊ ಹೊರಡಲಿಲ್ಲ, ಕಣ್ಣು ತುಂಬಿ ಅವನಿಗೇನೂ ಕಾಣುತ್ತಿರಲಿಲ್ಲ. ಅವಳು ಅವನ ಕೈಯನ್ನು ತಾನೇ ತೆಗೆದು ತನ್ನ ಬೆನ್ನಿನ ಮೇಲೆ ಇಟ್ಟುಕೊಂಡು, ಕಲಿಯುವವರಿಗೆ ಹೇಳುವ ಹಾಗೆ ಮೆಲ್ಲಗೆ ಒಂದು, ಎರಡು ಎಂದು ಎಣಿಸುತ್ತ, ಅವನನ್ನು ನಡೆಸಿಕೊಂಡು ಹೋದಳು.